ಬಾಯಿ ತುಂಬ ಮೊಳೆ

ಆ ಮನೆಯಲ್ಲಿ ಗಂಡಸು ಮಾತಾಡುತ್ತಿದ್ದಾನೆ ಅಂದರೆ ಕೆಲಸವಿಲ್ಲ ಎಂದೇ ಅರ್ಥ. ಬೇರೆಯವರ ಮನೆಯಲ್ಲಿ ಹೇಗೋ ಏನೋ, ಅಲ್ಲಿ ಮಾತ್ರ ಆ ಲೆಕ್ಕ ಒಂದು ದಿನವೂ ತಪ್ಪಿದ್ದಿಲ್ಲ. ಅವನು ಹಳೇ ಸೋಫಾ, ಕುರ್ಚಿ, ದಿವಾನಗಳಿಗೆ ಹೊಸ ಬಟ್ಟೆ ಹೊದಿಸುವವನು. ಬೀದಿಯವರಿಗೆಲ್ಲ ಅವನು ಸೋಫಾದವನು. ಆ ಕೆಲಸದವರು ಒಂದು ಚಿಟಿಕೆ ಸಣ್ಣ ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ನಾಲಿಗೆಯಲ್ಲೇ ಒಂದೊಂದನ್ನು ತಿರುಗಿಸಿ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಹೊಡೆಯುತ್ತಾರೆ. ಒಂದು ಕೈ ಬಟ್ಟೆಯನ್ನು ಎಳೆದು ಹಿಡಿದಿರಬೇಕು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆಗೆ ಮೂರನೇ ಕೈ ಎಲ್ಲಿಂದ ತರುವುದು? ಅದಕ್ಕೇ ಬಾಯಿ. ಇಡೀ ದಿನ ಬಾಯಲ್ಲಿ ಕಬ್ಬಿಣ ಇಟ್ಟುಕೊಂಡವನು ಮನೆಗೆ ಬಂದ ಮೇಲೂ ದವಡೆ ಸಡಿಲ ಬಿಡುತ್ತಿರಲಿಲ್ಲ. ಊಟಕ್ಕೆ ಕೂತರೆ ‘ಹೂಂ’, ‘ಊಹೂಂ’ ಅಷ್ಟೆ.

“ಮಾತು ಬೆಳ್ಳಿ, ಮೌನ ಬಂಗಾರ ಅಂತ ಯಾರೋ ಸುಮ್ನೆ ಹೇಳಿದ್ದಲ್ಲ. ನಮ್ಮನೇಲಿ ಅದು ಅಕ್ಷರಶಃ ನಿಜ,” ಎನ್ನುತ್ತಿದ್ದಳು ಅವನ ತಾಯಿ, ಆ ಮನೆಯ ಅತ್ತೆ. ಅವಳು ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತಿಯಾದ ಹೆಂಗಸು. ಅಡುಗೆಮನೆಯಲ್ಲಿ ನಿಂತು ಪಿಸುಗುಟ್ಟಿದರೂ ಕೊನೇ ಸೀಟಿನವರೆಗೆ ಕೇಳಿಸುತ್ತಿತ್ತು.

ಆದರೆ ಈಚೆಗೆ ಬಂಗಾರವೂ ಇರಲಿಲ್ಲ, ಬೆಳ್ಳಿಯೂ ಇರಲಿಲ್ಲ, ಬರೀ ಮಾತಿತ್ತು. ಜನ ಹಳೇ ಸೋಫಾಗಳನ್ನು ಬೀದಿಗೆ ಎಸೆದು ಶೋರೂಮಿನಿಂದ ಸಿದ್ಧ ಸೋಫಾ ತರುತ್ತಿದ್ದರು. ಸೋಫಾದವನು ಅಂಗಡಿ ಬಾಗಿಲು ತೆಗೆದು, ಬಾಗಿಲಲ್ಲೇ ಕೂತು, ಸಂಜೆ ಮನೆಗೆ ಬಂದು ಮಾತಾಡುತ್ತಿದ್ದ. ಮೋರಿಯ ಬಗ್ಗೆ, ಪಕ್ಕದ ಮನೆಯ ಬೆಕ್ಕಿನ ಬಗ್ಗೆ, ಮೊಟ್ಟೆ ಬೇಯಿಸುವಾಗ ಯಾಕೆ ಒಡೆಯುತ್ತದೆ ಎಂಬುದರ ಬಗ್ಗೆ. ಹೆಂಡತಿ ಕೇಳಿಸಿಕೊಳ್ಳುತ್ತಿದ್ದಳು, ಅಂದರೆ ಕಿವಿ ಅಲ್ಲಿರುತ್ತಿತ್ತು. ಅವಳು ಬೆಳಗಿನ ಪಾಳಿ ಮುಗಿಸಿ, ಅಲ್ಲೇ ಒಂದು ಬ್ರೆಡ್ಡು ತಿಂದು, ಮಧ್ಯಾಹ್ನದ ಪಾಳಿಗೂ ನಿಂತು ಬಂದವಳು. ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಅವಳದು ಹಾಸು ಹೊದಿಕೆಗಳನ್ನು ಇಸ್ತ್ರಿ ಯಂತ್ರಕ್ಕೆ ಕೊಟ್ಟು ಮಡಿಸುವ ಕೆಲಸ. ಆ ಬಿಸಿಯಲ್ಲಿ ಬೆಳಗಿಂದ ಬೆಂದು ಬಂದವಳಿಗೆ ಸಿಟ್ಟೂ ಬರುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಈ ಕಥೆ ಅವಳದೇ. ಮನೆಯಲ್ಲಿ ಅವಳನ್ನು ಎಲ್ಲರೂ ಒಂದೊಂದು ಹೆಸರಿನಿಂದ ಕರೆಯುತ್ತಿದ್ದರು, ನಾವು ಸೊಸೆ ಎನ್ನೋಣ.

ಸಾಲ ಆದದ್ದು ಹೀಗೆ. ಒಂದು ಹೋಟೆಲಿನವನು ಬಂದು, ನಮ್ಮ ಎಲ್ಲ ಕುರ್ಚಿ, ಎಲ್ಲ ಸೋಫಾ ನೀವೇ ಮಾಡಿಕೊಡಿ, ಬಟ್ಟೆ ಸ್ಪಂಜು ನೀವೇ ತನ್ನಿ, ಕೊನೆಗೆ ಒಟ್ಟಿಗೆ ಕೊಡುತ್ತೇನೆ ಎಂದ. ಅಬ್ಬಾ, ಆಗಿನ ಸಂಭ್ರಮವೇನು! ಅತ್ತೆ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಟಿಕೆಟ್ ಹರಿದ ಹಾಗೆ ಸುದ್ದಿ ಹಂಚಿದಳು. ಸೊಸೈಟಿಯಲ್ಲಿ ಸಾಲ ತೆಗೆದು ಮರೂನ್ ಬಣ್ಣದ ಮಖಮಲ್ಲಿನ ಸುರುಳಿ, ಆಳೆತ್ತರದ ಸ್ಪಂಜಿನ ಹಾಳೆ ಎಲ್ಲ ತಂದರು. ಕೆಲಸ ಶುರುವಾಗುವಷ್ಟರಲ್ಲಿ ಹೋಟೆಲು ಬೇರೆಯವರಿಗೆ ಮಾರಾಟವಾಯಿತು. ಹೊಸ ಯಜಮಾನನಿಗೆ ಮರದ ಬೆಂಚು ಸಾಕಾಗಿತ್ತು. ಸಾಲವೂ ಸ್ಪಂಜೂ ಮಖಮಲ್ಲೂ ಮನೆಯಲ್ಲೇ ಉಳಿದವು. ಅಂಗಡಿಯಲ್ಲಿ ಹಿಡಿಸದ್ದೆಲ್ಲ ಮನೆಗೆ ಬಂತು. ಅವರು ಸ್ಪಂಜಿನ ಮೇಲೇ ಮಲಗುತ್ತಿದ್ದರು, ಅದರ ಮೇಲೇ ಕೂತು ಉಣ್ಣುತ್ತಿದ್ದರು. ನೀರಿನ ಡ್ರಮ್ಮಿನ ಮುಚ್ಚಳಕ್ಕೂ ಮಖಮಲ್ಲು, ಬಚ್ಚಲಿನ ಸ್ಟೂಲಿಗೂ ಮಖಮಲ್ಲು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ,” ಅತ್ತೆ ನಿಟ್ಟುಸಿರು ಬಿಡುತ್ತಿದ್ದಳು. “ನಮ್ಮನೇಲಿ ಇರೋದೇ ಬರೀ ಹಾಸಿಗೆ. ಚಾಚಿ, ಎಷ್ಟು ಬೇಕಾದ್ರೂ ಚಾಚಿ.”

ಅಂದಿನಿಂದ ಮನೆಯಲ್ಲಿ ಅತ್ತೆಯದೇ ಒಂದು ಕಾನೂನು: ಕೆಲಸ ಬಂದರೂ ಅದು ಮುಗಿಯುವವರೆಗೆ ಯಾರೂ ಕೇಳಕೂಡದು, ಆಡಕೂಡದು. ಆಡಿಯೇ ಹೋಟೆಲು ಹೋಯಿತಲ್ಲ.

ಅತ್ತೆಯ ಪಿಂಚಣಿ ಬಾಡಿಗೆಗೂ ಕರೆಂಟಿಗೂ ಸರಿಹೋಗುತ್ತಿತ್ತು. ಸೊಸೆಯ ಸಂಬಳದಲ್ಲಿ ಕಂತು, ಅಕ್ಕಿ, ಆಲೂಗಡ್ಡೆ. ಎರಡನೇ ಪಾಳಿಯ ಸಂಬಳವನ್ನು ಮಾತ್ರ ಅವಳು ಅತ್ತೆಯ ಖಾತೆಗೆ ಹಾಕಿಸಿ ಬೇರೆಯೇ ಇಟ್ಟಿದ್ದಳು. ಅದು ಮಗಳು ಪುಟ್ಟಿಯ ಫೀಸು. ಪುಟ್ಟಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಮೊದಲ ವರ್ಷ ಮುಗಿಸಿ ಎರಡನೆಯದಕ್ಕೆ ಕಟ್ಟಬೇಕಿತ್ತು. ಆ ದುಡ್ಡಿಗೆ ಕೈ ಹಚ್ಚುವುದಿಲ್ಲ ಎಂದು ಸೊಸೆ ಎಲ್ಲರ ಮುಂದೆ ಹೇಳಿದ್ದಳು. ಹೇಳಿದ ಹಾಗೇ ನಡೆದುಕೊಂಡಿದ್ದಳು ಕೂಡ. ಗ್ಯಾಸ್ ಮುಗಿದು ವಾರವಿಡೀ ಬ್ರೆಡ್ಡು ತಿಂದರೂ ಅದನ್ನು ಮುಟ್ಟಿರಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತಾಗ ಸೋಫಾದವನು ಆಲೂಗಡ್ಡೆ ಯಾಕೆ ಮೊಳಕೆಯೊಡೆಯುತ್ತದೆ ಎಂದು ವಿವರಿಸುತ್ತಿದ್ದ.

“ಕತ್ತಲಲ್ಲಿಡಬೇಕು ಕಣೇ ಇವಳೇ. ಆದ್ರೆ ಪೂರ್ತಿ ಕತ್ತಲೆಯಲ್ಲಲ್ಲ. ನಾನು ಇವತ್ತು ಅಂಗಡೀಲಿ ಕೂತು ಯೋಚ್ನೆ ಮಾಡ್ತಿದ್ದೆ...”

“ರೀ, ಸ್ವಲ್ಪ ಬಾಯಿ ಮುಚ್ಕೊಂಡು ತಿಂತೀರಾ?” ಅಂದಳು ಸೊಸೆ. ದನಿ ಏರಿಸಲಿಲ್ಲ. “ನೀವು ಮಾತಾಡಿದ್ರೆ ನಂಗೆ ಕಂತು ನೆನಪಾಗತ್ತೆ.”

ಪುಟ್ಟಿ ತಟ್ಟೆ ನೋಡಿದಳು. ಅತ್ತೆ ಕೆಮ್ಮಿದಳು. ಸೋಫಾದವನು ನಕ್ಕು, “ಸರಿಯಪ್ಪ, ಆಲೂಗಡ್ಡೆ ಅದರ ಪಾಡಿಗೆ ಬೆಳೀಲಿ,” ಎಂದು ಸುಮ್ಮನಾದ. ಮರುದಿನ ಮತ್ತೆ ಬೆಕ್ಕಿನ ವಿಷಯಕ್ಕೆ ಬಂದ. ಅಲ್ಲಿಗೆ ಅದು ಮುಗಿಯಿತು ಎಂದು ಸೊಸೆ ಅಂದುಕೊಂಡಳು.

ಅದಾಗಿ ಎರಡು ವಾರವಿರಬಹುದು, ಅವನು ಮನೆಗೆ ಬಂದು ಕೈಕಾಲು ತೊಳೆದು, ಒಂದು ಮಾತಿಲ್ಲದೆ ಉಂಡು, ಗೋಡೆಯ ಕಡೆ ತಿರುಗಿ ಮಲಗಿದ. ಮರುದಿನವೂ ಅದೇ. ಮೂರನೇ ದಿನ ಪಕ್ಕದ ಮನೆಯ ಬೆಕ್ಕು ಅವನ ತಟ್ಟೆಯ ಹತ್ತಿರವೇ ಬಂದು ಕೂತರೂ ತುಟಿ ಬಿಚ್ಚಲಿಲ್ಲ.

ಅಡುಗೆಮನೆಯಲ್ಲಿ ಅತ್ತೆ ಸೊಸೆಯ ಪಕ್ಕೆ ತಿವಿದಳು. “ನೋಡಿದ್ಯಾ? ಬಾಯಿ ಮುಚ್ತು.”

“ಹೂಂ. ನೋಡ್ದೆ.”

“ಅಪ್ಪ ಮ್ಯೂಟ್ ಆಗಿದಾರೆ ಅಜ್ಜಿ!” ಪುಟ್ಟಿ ಒಳಗೆ ಓಡಿಬಂದಳು. “ಕೇಳ್ಲಾ ಏನು ಕೆಲಸ ಅಂತ?”

“ಕೇಳಿದ್ರೆ ನಾಲಿಗೆ ಸುಡ್ತೀನಿ ನೋಡು.”

ವಾರದ ಕೊನೆಯಲ್ಲಿ ಅವನು ಫ್ರಿಜ್ಜಿನ ಮೇಲೆ ಒಂದಷ್ಟು ನೋಟು ಇಟ್ಟ. ದೊಡ್ಡ ಮೊತ್ತವಲ್ಲ, ಆದರೂ ನೋಟು. ಅದರ ಮುಂದಿನ ವಾರ ಬೆಳಿಗ್ಗೆ ಮನೆಯಲ್ಲಿದ್ದ ಸ್ಪಂಜಿನ ಹಾಳೆಯನ್ನು ಸುತ್ತಿ ಹಗ್ಗ ಕಟ್ಟಿ ಹೆಗಲ ಮೇಲೆ ಹೊತ್ತುಕೊಂಡು ಹೋದ. ಮಾರನೇ ದಿನ ಇನ್ನೊಂದು. ಮಖಮಲ್ಲಿನ ಸುರುಳಿಯೂ ಹೋಯಿತು. ಮನೆಯಲ್ಲಿ ನೆಲ ಕಾಣಿಸತೊಡಗಿತು. ಅತ್ತೆಯ ಹಾಸಿಗೆ ದಿನದಿನಕ್ಕೆ ತೆಳುವಾಯಿತು. ಅವಳು ಸೊಂಟ ಹಿಡಿದುಕೊಂಡು ಏಳುತ್ತ, “ಅಯ್ಯೋ ನೋವೇ, ಎಂಥ ಒಳ್ಳೇ ನೋವೇ!” ಎನ್ನುತ್ತಿದ್ದಳು. ಸೊಸೆ ಬಹಳ ದಿನಗಳ ಮೇಲೆ ಮೊಟ್ಟೆ ತಂದಳು. ಗಂಡನಿಗೆ ಎರಡು ಹಾಕಿದಳು. ಅವನು ಒಂದನ್ನು ಎತ್ತಿ ಪುಟ್ಟಿಯ ತಟ್ಟೆಗೆ ಹಾಕಿ, ಇನ್ನೊಂದನ್ನು ತಿಂದು, ತಟ್ಟೆ ತೊಳೆದಿಟ್ಟು ಮಲಗಿದ.

ಆ ಹೊತ್ತಿಗೇ ಸೊಸೈಟಿಯ ಗುಮಾಸ್ತ ಒಂದು ಮಾತು ಹೇಳಿದ. “ಈ ತಿಂಗಳೊಳಗೆ ಉಳಿದ ಅಸಲೆಲ್ಲ ಒಟ್ಟಿಗೆ ಕಟ್ಟಿದ್ರೆ ಬಡ್ಡಿ ಮನ್ನಾ ಅಕ್ಕಾ. ಆಮೇಲೆ ಈ ಸೌಲಭ್ಯ ಇರಲ್ಲ. ಯೋಚ್ನೆ ಮಾಡಿ.”

ಸೊಸೆ ಬಸ್ಸಿನಲ್ಲಿ ಯೋಚಿಸಿದಳು, ಇಸ್ತ್ರಿ ಯಂತ್ರದ ಮುಂದೆ ಯೋಚಿಸಿದಳು. ಉಳಿದ ಅಸಲಿಗೆ ಪುಟ್ಟಿಯ ಫೀಸಿನ ದುಡ್ಡು ಹೆಚ್ಚುಕಡಿಮೆ ಸರಿಹೋಗುತ್ತಿತ್ತು. ಫೀಸು ಕಟ್ಟುವುದಕ್ಕೆ ಇನ್ನೂ ದಿನಗಳಿದ್ದವು. ಮನೆಯಿಂದ ಹೋದ ಸ್ಪಂಜನ್ನು ನೋಡಿದರೆ ದೊಡ್ಡ ಕೆಲಸವೇ ಇರಬೇಕು. ಅಷ್ಟರಲ್ಲಿ ಅವನ ದುಡ್ಡು ಬಂದೇ ಬರುತ್ತದೆ.

ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಅವಳು ಅದನ್ನು ಹೇಳಿದಾಗ ಪುಟ್ಟಿ ಸಿಡಿದಳು.

“ಫೀಸಿನ ದುಡ್ಡು ಮುಟ್ಟಲ್ಲ ಅಂತ ನೀನೇ ಹೇಳಿದ್ದೆ ಅಮ್ಮಾ!”

“ಮುಟ್ತಾ ಇಲ್ಲ. ಈ ಕಡೆಯಿಂದ ತೆಗೆದು ಆ ಕಡೆ ಇಡ್ತಾ ಇದೀನಿ. ಅಪ್ಪಂದು ಬಂದ ತಕ್ಷಣ ಈ ಕಡೆ ಬರತ್ತೆ.”

“ಹಾಗಾದ್ರೆ ಅಪ್ಪನ್ನ ಒಂದ್ಸಲ ಕೇಳು. ಎಷ್ಟು ಬರತ್ತೆ, ಯಾವಾಗ ಬರತ್ತೆ ಅಂತ. ಕೇಳೋದ್ರಲ್ಲಿ ಏನು ತಪ್ಪು?”

“ಕೇಳಿ ಕೇಳಿಯೇ ಹೋಟೆಲ್ಲು ಮುಳುಗಿದ್ದು,” ಅತ್ತೆ ನಡುವೆ ಬಾಯಿ ಹಾಕಿದಳು. “ಹುಟ್ಟಿದಾಗಿಂದ ನೋಡ್ತಿದೀನಿ ನನ್ನ ಮಗನ್ನ. ಇಷ್ಟು ಸುಮ್ನಿದಾನೆ ಅಂದ್ರೆ ಬಾಯಿ ತುಂಬ ಮೊಳೆ ಇದೆ ಅಂತ ಅರ್ಥ. ನೀನು ಓದೋ ಪುಸ್ತಕದಲ್ಲಿ ಇದೆಲ್ಲ ಬರಲ್ಲ.”

“ಅಜ್ಜಿ, ಸುಮ್ನಿರೋದಕ್ಕೆ ಹಲ್ಲುನೋವೂ ಕಾರಣ ಆಗಿರಬಹುದು!”

“ಹಲ್ಲುನೋವಿಗೆ ಯಾರಾದ್ರೂ ದುಡ್ಡು ಕೊಡ್ತಾರೇನೇ? ಫ್ರಿಜ್ಜಿನ ಮೇಲೆ ನೋಡು ಹೋಗು.”

ಸೊಸೆ ಈರುಳ್ಳಿ ಹೆಚ್ಚಿ ಮುಗಿಸಿದಳು. ಕಣ್ಣಲ್ಲಿ ನೀರು ಬಂದಿತ್ತು, ಈರುಳ್ಳಿಯದು.

ಶುಕ್ರವಾರ ಅತ್ತೆ ಸೊಸೆ ಇಬ್ಬರೂ ಹೋಗಿ ದುಡ್ಡು ತೆಗೆದರು. ಅತ್ತೆ ಮನೆಗೆ ಹೋದಳು, ಸೊಸೆ ಸೊಸೈಟಿಗೆ ಹೋದಳು. ಗುಮಾಸ್ತ ಎಣಿಸಿ, ಮುದ್ರೆ ಒತ್ತಿ, “ಮುಗೀತು ಅಕ್ಕಾ. ಇನ್ನು ಈ ಕಡೆ ಬರಬೇಡಿ,” ಎಂದು ತಮಾಷೆ ಮಾಡಿದ. ಅವಳು ಅಲ್ಲೇ ನಿಂತಿದ್ದಳು. ಏನೋ ಆಗಬೇಕಿತ್ತು ಎಂದು ಅವಳಿಗೆ ತಿಳಿದಿತ್ತು. ಎದೆ ಹಗುರಾಗಬೇಕು, ನಗು ಬರಬೇಕು, ಅಳುವಾದರೂ ಬರಬೇಕು. ಎಷ್ಟು ವರ್ಷ ಈ ದಿನಕ್ಕೆ ಕಾದಿದ್ದಳು! ಏನೂ ಆಗಲಿಲ್ಲ. ಹಿಂದೆ ನಿಂತಿದ್ದವನು “ಸ್ವಲ್ಪ ಸರ್ಕೊಳಮ್ಮ” ಅಂದ. ಸರಿದಳು.

ಗಂಡನಿಗೆ ಹೇಳಿದರಾದರೂ ಸಂತೋಷವಾದೀತು ಎಂದು ಎರಡು ಬನ್ನು ಕಟ್ಟಿಸಿಕೊಂಡು ಅಂಗಡಿಗೆ ನಡೆದಳು. ಅಂಗಡಿಯ ಬಾಗಿಲು ತೆಗೆದಿತ್ತು. ಒಳಗೆ ಗೋಡೆ ತುಂಬ ಹೆಲ್ಮೆಟ್ಟುಗಳು ತೂಗುತ್ತಿದ್ದವು. ಹೊಲಿಗೆ ಯಂತ್ರವಿದ್ದ ಜಾಗದಲ್ಲಿ ಒಬ್ಬ ಯುವಕ ಕನ್ನಡಿ ಒರೆಸುತ್ತಿದ್ದ.

“ಸೋಫಾದವರಾ? ಅವರು ಬಿಟ್ಟು ತಿಂಗಳ ಮೇಲಾಯ್ತಲ್ಲಮ್ಮ,” ಎಂದ ಅವನು. “ಬಾಡಿಗೆ ಬಾಕಿಗೆ ಮಿಶಿನ್ ಓನರ್‌ಗೇ ಬಿಟ್ಟುಕೊಟ್ರು. ಆಗಾಗ ಬಂದು ಸ್ಪಂಜು ಇಲ್ಲಿಟ್ಟು ಹಾಸಿಗೆ ಅಂಗಡಿಯವರಿಗೆ ಮಾರ್ತಿದ್ರು. ಈಗ ಆ ದೊಡ್ಡ ಶೋರೂಮ್ ಇದೆಯಲ್ಲ, ಅದರ ವ್ಯಾನಲ್ಲಿ ಸೋಫಾ ಹೊರೋಕೆ ಹೋಗ್ತಾರೆ. ನೀವು ಅವರಿಗೆ...?”

“ಗೊತ್ತಿರೋರು,” ಅಂದಳು ಸೊಸೆ.

ಬಸ್ಸು ನಿಲ್ದಾಣದಲ್ಲಿ ಕೂತು ಒಂದು ಬನ್ನು ತಿಂದಳು. ಹಸಿವಾಗಿತ್ತು, ಸುಳ್ಳೇಕೆ. ಆಮೇಲೆ ಇನ್ನೊಂದನ್ನೂ ತಿಂದಳು.

ಸಂಜೆ ಎಲ್ಲರೂ ಊಟಕ್ಕೆ ಕೂತರು. ಸ್ಪಂಜು ಪೂರ್ತಿ ಖಾಲಿಯಾಗಿದ್ದರಿಂದ ಬರೀ ನೆಲದ ಮೇಲೆ. ಅವಳು ಅನ್ನ ಬಡಿಸಿ, ಬೇಳೆ ಹಾಕಿ, ಹೇಳಿದಳು: “ಸಾಲ ತೀರಿಸಿಬಿಟ್ಟೆ. ಪುಟ್ಟಿ ಫೀಸಿನ ದುಡ್ಡಲ್ಲಿ. ಆಮೇಲೆ ನಿಮ್ಮ ಅಂಗಡಿಗೆ ಹೋಗಿದ್ದೆ.”

ಸೋಫಾದವನ ಕೈ ತುತ್ತಿನ ಮೇಲೇ ನಿಂತಿತು.

“ಏನಾಯ್ತು ಅಂಗಡೀಲಿ?” ಅತ್ತೆ ಕೇಳಿದಳು. “ಬಾಯಿ ಬಿಡ್ರೋ ಯಾರಾದ್ರೂ!”

“ಅಂಗಡಿ ಇಲ್ಲಮ್ಮ,” ಅಂದ ಅವನು. “ನಾನು ಈಗ ವ್ಯಾನಿಗೆ ಹೋಗ್ತೀನಿ. ಮೂರು ಮಹಡಿ, ನಾಲ್ಕು ಮಹಡಿ ಹತ್ತಿಸಿ ಸೋಫಾ ಇಟ್ಟು ಬರೋದು. ಲಿಫ್ಟಲ್ಲಿ ಹಿಡಿಸಲ್ಲ ಅವು.”

“ಯಾಕ್ರೀ ಹೇಳಲಿಲ್ಲ?”

“ಏನಂತ ಹೇಳ್ಲಿ? ಮೆಟ್ಟಿಲು ಹತ್ತಿ ಇಳಿದು ಬಂದ್ರೆ ಮಾತಾಡೋಕೆ ಉಸಿರು ಎಲ್ಲಿರತ್ತೆ?” ಅವನು ತಟ್ಟೆಯ ಅಂಚಿನಲ್ಲಿ ಅನ್ನ ಕೂಡಿಸಿದ. “ನನ್ನ ಮಾತು ಕೇಳಿದ್ರೆ ಕಂತು ನೆನಪಾಗತ್ತೆ ಅಂದಿದ್ದೆಯಲ್ಲ. ಸುಮ್ನಿದ್ದು ನೋಡೋಣ ಅಂದ್ಕೊಂಡೆ. ನೀವೂ ಯಾರೂ ಕೇಳಲಿಲ್ಲ. ಎರಡು ಮೊಟ್ಟೆ ಬೇರೆ ಹಾಕಿದೆ. ಗೊತ್ತಾಗಿದೆ, ಗೊತ್ತಾಗಿಯೂ ಸುಮ್ನಿದಾರೆ, ಒಳ್ಳೇ ಜನ ಅಂದ್ಕೊಂಡೆ ನಾನು.”

ಪುಟ್ಟಿ ನಗಲಾರಂಭಿಸಿದಳು. ಕೆಟ್ಟ ನಗು. “ಒಬ್ಬರಾದ್ರೂ ಒಂದು ಮಾತು ಕೇಳಿದ್ರೆ ಸಾಕಿತ್ತು. ಒಂದೇ ಒಂದು ಮಾತು! ನಾನು ಹೇಳಿದ್ದೆ. ಹೇಳಿದ್ನೋ ಇಲ್ವೋ ಅಜ್ಜಿ?”

“ಹೇಳಿದ್ದೆ ಕಣಮ್ಮ,” ಅಂದಳು ಅತ್ತೆ. ಅವಳ ದನಿ ಈಗ ಮೊದಲನೇ ಸೀಟಿಗೂ ಕೇಳಿಸುವಂತಿರಲಿಲ್ಲ. “ನನ್ನದೇ ತಪ್ಪು. ಕೇಳಬೇಡಿ ಅಂದೋಳು ನಾನು.”

ಸೊಸೆ ಎಲ್ಲರ ಮುಖ ನೋಡಿದಳು. ಬೈಯಬೇಕು ಅನಿಸಿತು, ಯಾರನ್ನು ಎಂದು ತಿಳಿಯಲಿಲ್ಲ. “ಬೇಳೆ ಆರ್ತಾ ಇದೆ, ತಿನ್ನಿ,” ಎಂದಳು. ತಿಂದರು.

ಮುಂದಿನ ದಿನಗಳಲ್ಲಿ ಕೈಲಾದದ್ದನ್ನೆಲ್ಲ ಮಾಡಿದರು. ಅತ್ತೆ ಹಳೇ ಸಹೋದ್ಯೋಗಿಗಳ ಮನೆ ಮನೆ ತಿರುಗಿದಳು. ಎಲ್ಲರೂ ಚಹಾ ಕೊಟ್ಟರು, ಅಷ್ಟೆ. ಸೋಫಾದವನು ವ್ಯಾನಿನ ಇನ್ನೊಂದು ಪಾಳಿಗೂ ಹೋಗಿ, ಒಂದು ಬೆಳಿಗ್ಗೆ ಬೆನ್ನು ಹಿಡಿದುಕೊಂಡು ಮೇಲೇಳಲಾಗದೆ ಬಿದ್ದುಕೊಂಡ. ಸೊಸೆ ಮತ್ತೆ ಸಾಲಕ್ಕೆ ಹೋಗಲಿಲ್ಲ. ಆ ಮಾತನ್ನು ಯಾರೂ ಎತ್ತಲೂ ಇಲ್ಲ. ಫೀಸಿನ ಕೊನೆಯ ದಿನ ಕಳೆಯಿತು. ಪುಟ್ಟಿ ಕಾಲೇಜಿನ ಕಚೇರಿಗೆ ಹೋಗಿ ಬಂದು, ಚೀಲ ಮೂಲೆಗೆಸೆದಳು.

“ಅರ್ಧ ವರ್ಷ ಆದ್ಮೇಲೆ ಮುಂದಿನ ಬ್ಯಾಚಿಗೆ ಸೇರಿಸ್ಕೋತಾರಂತೆ. ಆಗ ಪೂರ್ತಿ ಫೀಸು ಒಟ್ಟಿಗೆ ಕಟ್ಟಬೇಕು,” ಎಂದಳು. “ಅಲ್ಲೀವರೆಗೆ ನಾನು ನಿನ್ನ ಜೊತೆ ಲಾಂಡ್ರಿಗೆ ಬರ್ತೀನಿ ಅಮ್ಮಾ. ಬದಲಿಯವರು ಬೇಕು ಅಂತಿದ್ದೆಯಲ್ಲ.”

“ಬೇಡ.”

“ಬೇಡ ಅಂದ್ರೆ? ಮನೇಲಿ ಕೂತು ನಾನೂ ಬೆಕ್ಕಿನ ಬಗ್ಗೆ ಮಾತಾಡ್ಲಾ?”

ಗೋಡೆಯ ಕಡೆ ತಿರುಗಿ ಮಲಗಿದ್ದ ಸೋಫಾದವನು ಅಲುಗಾಡಲಿಲ್ಲ. ಸೊಸೆ ಮೂಲೆಯ ಚೀಲ ಎತ್ತಿ ಗೂಟಕ್ಕೆ ಹಾಕಿದಳು.

ಸೋಮವಾರ ಇಬ್ಬರೂ ಒಂದೇ ಬಸ್ಸು ಹತ್ತಿದರು. ಲಾಂಡ್ರಿಯೆಂದರೆ ನೆಲಮಾಳಿಗೆಯ ಉದ್ದನೆಯ ಕೋಣೆ. ಒಂದು ಕಡೆ ತಿರುಗುವ ಡ್ರಮ್ಮುಗಳು, ಇನ್ನೊಂದು ಕಡೆ ಇಸ್ತ್ರಿ ಉರುಳೆಗಳು, ನಡುವೆ ಹಬೆ. ಉರುಳೆಯಿಂದ ಹೊರಬರುವ ಹೊದಿಕೆಯನ್ನು ಇಬ್ಬರು ಎರಡು ತುದಿಯಲ್ಲಿ ಹಿಡಿದು, ಝಾಡಿಸಿ, ಮೂಲೆಗೆ ಮೂಲೆ ಕೂಡಿಸಿ, ಹತ್ತಿರ ಬಂದು ಮಡಿಸಿ, ಮತ್ತೆ ಹಿಂದಕ್ಕೆ ಹೋಗಬೇಕು. ಆ ಕೋಣೆಯಲ್ಲಿದ್ದ ಹೆಂಗಸರೆಲ್ಲ ಸ್ವಲ್ಪ ದಿನಕ್ಕೆಂದು ಬಂದವರೇ. ಒಬ್ಬಳು ತಂಗಿಯ ಮದುವೆಯ ಖರ್ಚಿಗೆಂದು ಬಂದವಳು, ಆ ತಂಗಿಗೆ ಈಗ ಮೊಮ್ಮಗು. ಸೊಸೆ ಬಂದದ್ದು ಪುಟ್ಟಿ ತೊಟ್ಟಿಲಲ್ಲಿದ್ದಾಗ, ಒಂದು ವರ್ಷದ ಮಟ್ಟಿಗೆ.

ಮಧ್ಯಾಹ್ನದ ಹೊತ್ತಿಗೆ ಪುಟ್ಟಿಗೆ ಕೆಲಸ ಹತ್ತಿಬಿಟ್ಟಿತು. ಬಿಸಿ ತುದಿಯನ್ನು ಎಲ್ಲಿ ಹಿಡಿದರೆ ಸುಡುವುದಿಲ್ಲ ಎಂದು ಯಾರೂ ಹೇಳಿಕೊಡದೆಯೇ ಕಂಡುಕೊಂಡಳು. ಝಾಡಿಸಿದರೆ ಹೊದಿಕೆ ಒಂದು ಸುಕ್ಕಿಲ್ಲದೆ ಎದ್ದು ಕೂರುತ್ತಿತ್ತು. ಹತ್ತಿರ ಬರುವುದು, ಹಿಂದೆ ಸರಿಯುವುದು, ಎಲ್ಲ ತಾಯಿಯ ಅಳತೆಗೇ. ಪಕ್ಕದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಪುಟ್ಟಿ ಬೆವರು ಒರೆಸಿಕೊಂಡು ನಕ್ಕಳು. ಎಷ್ಟೋ ದಿನಗಳಲ್ಲಿ ಮೊದಲ ಸಲ ನಕ್ಕಿದ್ದಳು.

ಸೂಪರ್‌ವೈಸರ್ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಬಂದು ನಿಂತಳು. “ಭಲೆ! ಹುಲಿ ಹೊಟ್ಟೇಲಿ ಹುಲಿನೇ ಹುಟ್ಟೋದು. ಏನು ಕೈಯೇ ಇದು! ನೋಡಮ್ಮ, ಖಾಯಮ್ಮಿನಲ್ಲಿ ಒಂದು ಜಾಗ ಖಾಲಿ ಇದೆ. ಬದಲಿಗಿಂತ ಜಾಸ್ತಿ ಸಂಬಳ, ರಜೆ, ಎಲ್ಲ ಸಿಗತ್ತೆ. ಇವತ್ತೇ ಹೆಸರು ಬರ್ಕೊಳ್ಲಾ?”

“ಬರ್ಕೊಳಿ ಮೇಡಂ,” ಅಂದಳು ಪುಟ್ಟಿ, ಒಂದು ಕ್ಷಣವೂ ಯೋಚಿಸದೆ. “ಅಮ್ಮಾ, ಆಗ ಫೀಸೂ ಬೇಗ ಕೂಡತ್ತಲ್ವಾ?”

ಸೊಸೆ ಕೈಯಲ್ಲಿದ್ದ ಹೊದಿಕೆಯನ್ನು ಕೆಳಗಿಟ್ಟಳು. ಸಾಲ ತೀರಿದ ದಿನ ಬಾರದ್ದು, ಅಂಗಡಿಯಲ್ಲಿ ಹೆಲ್ಮೆಟ್ಟು ಕಂಡ ದಿನವೂ ಬಾರದ್ದು, ಈಗ ಬಂತು. ಹೆದರಿಕೆ.

“ಬೇಡ ಮೇಡಂ,” ಅಂದಳು. “ಇವಳ ಕೆಲಸ ಚೆನ್ನಾಗಿಲ್ಲ.”

“ಏನು?”

“ಮೂಲೆ ಕೂಡಿಸೋಕೇ ಬರಲ್ಲ ಇವಳಿಗೆ. ನೋಡಿ.” ಮಗಳು ಮಡಿಸಿಟ್ಟ ಹೊದಿಕೆಯನ್ನು ರಾಶಿಯ ಮೇಲಿಂದ ತೆಗೆದು ಸೂಪರ್‌ವೈಸರಿನ ಮುಂದೆ ಬಿಚ್ಚಿ ಹರಡಿದಳು. ಮಡಿಕೆಯ ಗೆರೆಗಳು ಅಳತೆಪಟ್ಟಿ ಇಟ್ಟು ಎಳೆದ ಹಾಗಿದ್ದವು. “ಕಾಣತ್ತಲ್ಲ? ಅರ್ಧ ವರ್ಷ ಬದಲಿಯಾಗಿರ್ಲಿ. ಖಾಯಮ್ಮಿಗೆ ಇವಳು ಆಗಲ್ಲ.”

ಸೂಪರ್‌ವೈಸರ್ ಹೊದಿಕೆ ನೋಡಿದಳು, ಆಮೇಲೆ ಸೊಸೆಯ ಮುಖ ನೋಡಿದಳು. ಅವಳೂ ಎಂದೋ ಸ್ವಲ್ಪ ದಿನಕ್ಕೆಂದು ಬಂದವಳೇ. “ಹೌದು,” ಎಂದಳು ಮೆಲ್ಲಗೆ, “ಚೆನ್ನಾಗಿಲ್ಲ.” ಮುಂದಿನ ಯಂತ್ರದ ಕಡೆ ಹೋದಳು.

ಪುಟ್ಟಿಯ ಕಣ್ಣು ತುಂಬಿತ್ತು. ಅಷ್ಟು ಜನರ ಮುಂದೆ ಸ್ವಂತ ತಾಯಿ ಹೀಗೆ ಮಾನ ಕಳೆದರೆ ಯಾರಿಗೆ ತಾನೇ ತಡೆದೀತು?

“ಏನು ತಪ್ಪಿತ್ತಮ್ಮ ಅದರಲ್ಲಿ? ಹೇಳು. ಏನು ತಪ್ಪಿತ್ತು?”

“ಏನೂ ತಪ್ಪಿರಲಿಲ್ಲ ಕಣೇ,” ಅಂದಳು ಸೊಸೆ. “ಅದನ್ನ ನೋಡಿಯೇ ನಂಗೆ ಹೆದರಿಕೆ ಆಗಿದ್ದು.”

ಉರುಳೆಯಿಂದ ಮುಂದಿನ ಹೊದಿಕೆ ಹೊರಬಂತು. ಪುಟ್ಟಿ ತಾಯಿಯನ್ನು ನೋಡುತ್ತಲೇ ತನ್ನ ತುದಿ ಹಿಡಿದಳು. ಇಬ್ಬರೂ ಝಾಡಿಸಿ ಹತ್ತಿರ ಬಂದರು. ಈ ಸಲ ಮೂಲೆ ಕೂಡಲಿಲ್ಲ. ತಪ್ಪಿದ್ದು ತಾಯಿಯ ತುದಿ.